ಟೇಪು ಹಿಡಿದು ಕೋನ ಹುಡುಕುವುದು

ಹತ್ತನೇ ತರಗತಿಯ ತ್ರಿಕೋನಮಿತಿ ಲೆಕ್ಕಗಳಲ್ಲಿ ಕೋನವನ್ನು ಯಾರೋ ಮೊದಲೇ ಅಳೆದು ಕೊಟ್ಟಿರುತ್ತಾರೆ. ಗೋಪುರದ ಬುಡದಿಂದ ಇಷ್ಟು ಮೀಟರ್ ದೂರದಲ್ಲಿ ನಿಂತವನಿಗೆ ತುದಿಯ ಉನ್ನತ ಕೋನ 60°, ಗೋಪುರದ ಎತ್ತರ ಕಂಡುಹಿಡಿಯಿರಿ. ಆ ಕೋನ 30, 45, 60 ಬಿಟ್ಟು ಆಚೀಚೆ ಹೋಗುವುದು ಅಪರೂಪ. ಹೋದರೆ ಬಾಯಿಪಾಠ ಮಾಡಿದ ಕೋಷ್ಟಕ ಕೈಕೊಡುತ್ತದೆ. ಶಾಲೆಯಿಂದ ಹೊರಗೆ ಬಂದರೆ ಪ್ರಶ್ನೆ ತಲೆಕೆಳಗು. ಗೋಡೆಯ ಎತ್ತರ ಗೊತ್ತು, ನೆಲದ ಅಗಲ ಗೊತ್ತು, ಏಣಿಯ ಉದ್ದ ಗೊತ್ತು, ಗೊತ್ತಿಲ್ಲದ್ದು ಕೋನ. ಅದೂ 22.6 ಅಥವಾ 73.7ರಂಥ ಅಂಕಿಯೇ ಹೊರತು 30 ಅಲ್ಲ.

ಇದಕ್ಕೆ ಬೇಕಾದ ಸಾಧನ ವಿಲೋಮ ತ್ರಿಕೋನಮಿತೀಯ ಉತ್ಪನ್ನಗಳು. ದ್ವಿತೀಯ ಪಿಯುಸಿ ವಿಜ್ಞಾನದವರಿಗೆ ಈ ಹೆಸರಿನ ಅಧ್ಯಾಯವೇ ಇದೆ. ಆದರೆ ಅಲ್ಲಿ ಕ್ಷೇತ್ರ, ವ್ಯಾಪ್ತಿ, ಸಾಧಿಸಬೇಕಾದ ಸಮೀಕರಣಗಳ ನಡುವೆ ಒಂದು ಏಣಿಯಾಗಲಿ, ಮನೆಯ ಮಾಡಾಗಲಿ ಕಣ್ಣಿಗೆ ಬೀಳುವುದಿಲ್ಲ. ಹಾಗಾಗಿ ನೂರಕ್ಕೆ ನೂರು ತೆಗೆದವರೂ ತಮ್ಮ ಮನೆಯ ಸೋಲಾರ್ ಪ್ಯಾನೆಲ್ ಎಷ್ಟು ಡಿಗ್ರಿ ಓರೆಯಾಗಿದೆ ಎಂದು ಕೇಳಿದರೆ ಕಂಪಾಸ್ ಬಾಕ್ಸ್‌ನ ಕೋನಮಾಪಕ ಹುಡುಕುತ್ತಾರೆ.

ಕೋನಮಾಪಕ ಕಾಗದಕ್ಕೆ ಸರಿ. 13 ಅಡಿ ಉದ್ದದ ಪೈಪಿಗೆ ಅದನ್ನು ಹಿಡಿದರೆ ಅರ್ಧ ಡಿಗ್ರಿ ಹೆಚ್ಚುಕಮ್ಮಿ ಆಗಿಯೇ ಆಗುತ್ತದೆ. ಆ ಅರ್ಧ ಡಿಗ್ರಿ 13 ಅಡಿಯ ತುದಿಗೆ ಹೋಗುವಷ್ಟರಲ್ಲಿ ಒಂದೂಕಾಲು ಇಂಚು ದಾಟಿರುತ್ತದೆ. ಅದೇ 13 ಅಡಿಯನ್ನು ಮಾಮೂಲಿ ಟೇಪಿನಲ್ಲಿ ಕಾಲು ಇಂಚಿನೊಳಗೆ ಅಳೆಯುವುದು ಯಾರಿಗೂ ಕಷ್ಟವಲ್ಲ. ನಾನು ಹೇಳಹೊರಟಿರುವುದು ಇಷ್ಟೇ: ಕೋನ ಬೇಕಾದಾಗ ಕೋನವನ್ನು ಅಳೆಯಲು ಹೋಗಬೇಡಿ, ಎರಡು ಉದ್ದ ಅಳೆಯಿರಿ. ಯಾವ ಎರಡು ಉದ್ದ ಎಂಬುದನ್ನು ಮಾತ್ರ ಯೋಚಿಸಿ ಆರಿಸಿಕೊಳ್ಳಿ. ಉಳಿದದ್ದು ಫೋನಿನ ಕೆಲಸ.

ಮಾಡಿನ ಲೆಕ್ಕ

ತಾರಸಿ ಸೋರುತ್ತದೆಂದು ಅದರ ಮೇಲೊಂದು ಶೀಟಿನ ಮಾಡು ಹಾಕಿಸುವುದು ಮಲೆನಾಡು, ಕರಾವಳಿಯಲ್ಲಿ ಈಗ ಮಾಮೂಲು. ಮನೆಯ ಅಗಲ 24 ಅಡಿ ಎಂದಿಟ್ಟುಕೊಳ್ಳಿ. ಎರಡೂ ಕಡೆ ಇಳಿಜಾರು, ನಡುವೆ ನೆತ್ತಿ. ಕಂಬಗಳ ಮಟ್ಟಕ್ಕಿಂತ ನೆತ್ತಿ 5 ಅಡಿ ಮೇಲಿರಲಿ ಎಂದು ಮಾತಾಗಿದೆ. ಕಬ್ಬಿಣದ ಪೈಪು ಕತ್ತರಿಸುವ ಹುಡುಗ ಮಷಿನ್ ಮುಂದೆ ಕೂತು ಕೇಳುವುದು ಒಂದೇ ಪ್ರಶ್ನೆ: "ಎಷ್ಟು ಡಿಗ್ರಿಗೆ ಸೆಟ್ ಮಾಡ್ಲಿ ಸಾರ್?"

ಹಳೆಯ ಬಡಗಿಗೆ ಈ ಪ್ರಶ್ನೆಯೇ ಇರಲಿಲ್ಲ. ಅವನು ನೆಲದ ಮೇಲೆ ದಾರ ಹಿಡಿದು ಪೂರ್ತಿ ಅಳತೆಯ ಗೆರೆ ಹಾಕಿ, ಮೊದಲ ಪಕಾಸನ್ನು ಅದರ ಮೇಲಿಟ್ಟು ಗುರುತು ಮಾಡಿ, ಅದನ್ನೇ ಅಚ್ಚಾಗಿಟ್ಟುಕೊಂಡು ಮಿಕ್ಕವನ್ನು ಕೊಯ್ಯುತ್ತಿದ್ದ. ಡಿಗ್ರಿ ಕೇಳುವುದು ಮನುಷ್ಯನಲ್ಲ, ಮಷಿನ್ನು.

ಚಿತ್ರ ಬರೆಯಿರಿ. ಸಿಮೆಂಟು ಚೀಲದ ಹಿಂಬದಿಯಾದರೂ ಸರಿ, ಬರೆಯದೆ ಮುಂದೆ ಹೋಗಬೇಡಿ. ಕಂಬದ ತಲೆಯಿಂದ ಮನೆಯ ನಡುಗೆರೆಗೆ ಒಂದು ಅಡ್ಡಗೆರೆ, ಅಲ್ಲಿಂದ ನೆತ್ತಿಗೆ ಒಂದು ಲಂಬಗೆರೆ, ನೆತ್ತಿಯಿಂದ ಕಂಬದ ತಲೆಗೆ ಇಳಿಯುವ ಓರೆಗೆರೆಯೇ ಪಕಾಸು. ಲಂಬಕೋನ ತ್ರಿಭುಜ ಸಿಕ್ಕಿತು. ಅಡ್ಡಗೆರೆ 12 ಅಡಿ, 24 ಅಲ್ಲ. ಅವಸರದಲ್ಲಿ ಪೂರ್ತಿ ಅಗಲ ಹಾಕಿಬಿಟ್ಟರೆ ಕೋನ 11.8° ಎಂದು ಬರುತ್ತದೆ, ಪೈಪು ಹಾಳಾಗುತ್ತದೆ. ಚಿತ್ರ ಬರೆಯಿರಿ ಎಂದದ್ದು ಇದಕ್ಕೇ.

ಈಗ ನಮಗೆ ಬೇಕಾದ ಕೋನ ಕಂಬದ ತಲೆಯಲ್ಲಿದೆ. ಅದಕ್ಕೆ ಎದುರಾಗಿರುವ ಅಭಿಮುಖ ಬಾಹು 5 ಅಡಿ, ಪಕ್ಕದಲ್ಲಿ ಮಲಗಿರುವ ಪಾರ್ಶ್ವ ಬಾಹು 12 ಅಡಿ. ಅಭಿಮುಖ ಬಾಹುವನ್ನು ಪಾರ್ಶ್ವ ಬಾಹುವಿನಿಂದ ಭಾಗಿಸಿದರೆ ಆ ಕೋನದ ಟ್ಯಾನ್. ಇಲ್ಲಿ 5/12, ಅಂದರೆ 0.4167. ಯಾವ ಕೋನದ ಟ್ಯಾನ್ 0.4167 ಎಂಬುದಕ್ಕೆ ಉತ್ತರ ಕೊಡುವುದೇ ಟ್ಯಾನ್⁻¹. ಸೈಂಟಿಫಿಕ್ ಕ್ಯಾಲ್ಕುಲೇಟರಿನಲ್ಲಿ ಶಿಫ್ಟ್ ಒತ್ತಿ ಟ್ಯಾನ್ ಒತ್ತಿ. ಫೋನಿನಲ್ಲಾದರೆ ಕ್ಯಾಲ್ಕುಲೇಟರನ್ನು ಅಡ್ಡ ತಿರುಗಿಸಿದಾಗ ಹೆಚ್ಚಿನ ಗುಂಡಿಗಳು ಕಾಣುತ್ತವೆ, ಅದರಲ್ಲಿ ವಿಲೋಮದ ಗುಂಡಿ ಒತ್ತಿದರೆ ಟ್ಯಾನ್ ಇದ್ದಲ್ಲಿ ಟ್ಯಾನ್⁻¹ ಬರುತ್ತದೆ. ಉತ್ತರ 22.62°.

ಈ ಉದಾಹರಣೆಗೆ ಒಂದು ಅನುಕೂಲವಿದೆ. 5, 12 ಇದ್ದರೆ ವಿಕರ್ಣ ಸರಿಯಾಗಿ 13. ಪಕಾಸಿನ ಉದ್ದ, ಅಂಚು ಮುಂಚಾಚುವ ಭಾಗ ಬಿಟ್ಟು, 13 ಅಡಿ. ಆದ್ದರಿಂದ ಸೈನ್⁻¹ (5/13) ಹಾಕಿ ನೋಡಿ, ಕಾಸ್⁻¹ (12/13) ಹಾಕಿ ನೋಡಿ. ಮೂರೂ ದಾರಿಯಲ್ಲಿ 22.62 ಬರಬೇಕು. ಮೂರು ಬದಿಯೂ ಅಳೆಯಲು ಸಿಗುವ ಜಾಗದಲ್ಲಿ ಇದಕ್ಕಿಂತ ಒಳ್ಳೆಯ ತಾಳೆ ಇನ್ನೊಂದಿಲ್ಲ. ಒಂದು ಉತ್ತರ ಬೇರೆ ಬಂದರೆ ಎಲ್ಲೋ ಟೇಪು ಜೋತುಬಿದ್ದಿದೆ, ಇಲ್ಲವೇ ಮೂಲೆ ಲಂಬವಾಗಿಲ್ಲ.

ನೆತ್ತಿಯಲ್ಲಿ ಎರಡು ಪಕಾಸು ಮುಖಕ್ಕೆ ಮುಖ ಕೂಡಬೇಕಾದರೆ ಕೊಯ್ತ ನೆಲಕ್ಕೆ ಲಂಬವಾಗಿ ನಿಲ್ಲಬೇಕು. ಕತ್ತರಿಸುವ ಮಷಿನ್ನಿನ ಸೊನ್ನೆ ಎಂದರೆ ಪೈಪಿಗೆ ನೇರ ಅಡ್ಡ ಕೊಯ್ತ. ಅಲ್ಲಿಂದ 22.6° ಓರೆ ಮಾಡಿದರೆ ಬೇಕಾದ ಕೊಯ್ತ ಬಂತು. ತ್ರಿಭುಜದ ಇನ್ನೊಂದು ಚೂಪು ಕೋನ 67.4° ಅಲ್ಲವೇ, ನೆತ್ತಿಯಲ್ಲಿರುವುದು ಅದೇ ಅಲ್ಲವೇ ಎಂದು ಗೊಂದಲ ಮಾಡಿಕೊಳ್ಳುವವರು ಬಹಳ. ಕೋನ ಹೌದು, ಆದರೆ ಅದು ಪೈಪಿನ ಉದ್ದಕ್ಕೂ ಕೊಯ್ತಕ್ಕೂ ನಡುವೆ ಇರುವ ಕೋನ. ಮಷಿನ್ನಿನ ಅಂಕಿ ಶುರುವಾಗುವುದು ಅಡ್ಡ ಕೊಯ್ತದಿಂದ. ಲೆಕ್ಕ ಎಷ್ಟೇ ಸರಿಯಿದ್ದರೂ ಮೊದಲ ತುಂಡನ್ನು ಹಳೆಯ ಪೈಪಿನಲ್ಲಿ ಕೊಯ್ದು ನೋಡುವುದು ಜಾಣತನ.

ಹಂಚಿನ ಮಾಡಾದರೆ ಇಳಿಜಾರು ಇದಕ್ಕಿಂತ ಕಡಿದು ಬೇಕು, ಮಳೆ ಹೆಚ್ಚಾದಷ್ಟೂ ಕಡಿದು. 12 ಅಡಿಗೆ 7 ಅಡಿ ಏರಿಸಿದರೆ 30.3° ಆಗುತ್ತದೆ. ಲೆಕ್ಕದ ದಾರಿ ಅದೇ.

ಕ್ಯಾಲ್ಕುಲೇಟರಿನ ತಕರಾರು

ಉತ್ತರ 22.62ರ ಬದಲು 0.3948 ಎಂದು ಬಂತೇ? ಗಾಬರಿ ಬೇಡ. ಯಂತ್ರ ರೇಡಿಯನ್‌ನಲ್ಲಿದೆ. 25.13 ಬಂದರೆ ಗ್ರೇಡಿಯನ್‌ನಲ್ಲಿದೆ. ಲಂಬಕೋನವನ್ನು 90ರ ಬದಲು 100 ಭಾಗ ಮಾಡುವ ಪದ್ಧತಿ ಅದು, ನಮಗೆ ಬೇಡ. ಕೆಲಸ ಶುರುಮಾಡುವ ಮುಂಚೆ ಟ್ಯಾನ್⁻¹ 1 ಎಂದು ಒತ್ತುವ ಅಭ್ಯಾಸ ಇಟ್ಟುಕೊಳ್ಳಿ. 45 ಬಂದರೆ ಮುಂದುವರಿಯಿರಿ. 0.785 ಅಥವಾ 50 ಬಂದರೆ ಮೊದಲು ಡಿಗ್ರಿಗೆ ಬದಲಿಸಿ. ಎಕ್ಸೆಲ್ ಮತ್ತು ಗೂಗಲ್ ಶೀಟ್ಸ್ ಯಾವಾಗಲೂ ರೇಡಿಯನ್‌ನಲ್ಲೇ ಉತ್ತರ ಕೊಡುತ್ತವೆ, ಅಲ್ಲಿ ಬದಲಿಸುವ ಗುಂಡಿಯಿಲ್ಲ. ಎಟ್ಯಾನ್ ಸೂತ್ರವನ್ನು ಡಿಗ್ರೀಸ್ ಸೂತ್ರದೊಳಗೆ ಹಾಕಿ ಬರೆಯಬೇಕು.

ಸೈನ್⁻¹ ಎಂಬುದರಲ್ಲಿರುವ ಆ ಮೈನಸ್ ಒಂದು ಘಾತವಲ್ಲ. ಜಾನ್ ಹರ್ಷೆಲ್ 1813ರಲ್ಲಿ ಬಳಕೆಗೆ ತಂದ ಈ ಬರಹ ಎರಡು ಶತಮಾನದಿಂದ ವಿದ್ಯಾರ್ಥಿಗಳ ದಾರಿ ತಪ್ಪಿಸುತ್ತಲೇ ಬಂದಿದೆ. ಸೈನ್⁻¹ 0.5 ಎಂದರೆ 30°. ಒಂದನ್ನು ಸೈನ್ 0.5°ಯಿಂದ ಭಾಗಿಸಿದರೆ ಬರುವುದು 114.59. ಒಂದಕ್ಕೊಂದು ಸಂಬಂಧವೇ ಇಲ್ಲ. ಆರ್ಕ್‌ಸೈನ್, ಆರ್ಕ್‌ಟ್ಯಾನ್ ಎಂದು ಬರೆಯುವ ಪದ್ಧತಿಯೂ ಇದೆ. ನನಗೆ ಕೇಳಿದರೆ ಪಠ್ಯಪುಸ್ತಕಗಳು ಅದನ್ನೇ ಹಿಡಿದಿದ್ದರೆ ಚೆನ್ನಾಗಿತ್ತು.

ಸೈನ್⁻¹ ಅಥವಾ ಕಾಸ್⁻¹ ಒತ್ತಿದಾಗ ಯಂತ್ರ ಎರರ್ ಎಂದು ಮುನಿಸಿಕೊಂಡರೆ ಅದನ್ನು ಬೈಯಬೇಡಿ. ಒಂದಕ್ಕಿಂತ ದೊಡ್ಡ ಅನುಪಾತ ಕೊಟ್ಟಿದ್ದೀರಿ. ವಿಕರ್ಣಕ್ಕಿಂತ ಉದ್ದವಾದ ಬಾಹು ಲಂಬಕೋನ ತ್ರಿಭುಜದಲ್ಲಿ ಇರಲಾರದು. ಅಂಕಿಗಳನ್ನು ಅದಲುಬದಲು ಮಾಡಿದ್ದೀರಿ, ಇಲ್ಲವೇ ಒಂದು ಅಳತೆ ಅಡಿಯಲ್ಲಿ ಇನ್ನೊಂದು ಇಂಚಿನಲ್ಲಿ ಹೋಗಿದೆ. ಟ್ಯಾನ್⁻¹ಗೆ ಈ ಕಾವಲು ಇಲ್ಲ. ಯಾವ ಅಂಕಿ ಕೊಟ್ಟರೂ ಸುಮ್ಮನೆ ಉತ್ತರ ಕೊಡುತ್ತದೆ. ಅಲ್ಲಿ ನೀವೇ ಎಚ್ಚರವಾಗಿರಬೇಕು: ಏರು ಅಗಲಕ್ಕಿಂತ ಕಡಿಮೆಯಿದ್ದರೆ ಕೋನ 45ರ ಒಳಗೆ, ಹೆಚ್ಚಿದ್ದರೆ 45ರ ಆಚೆ.

ಇನ್ನು 22.62° ಎಂದರೆ 22 ಡಿಗ್ರಿ 62 ನಿಮಿಷವಲ್ಲ. 0.62ನ್ನು 60ರಿಂದ ಗುಣಿಸಿ: 22°37′.

ಪ್ಯಾನೆಲ್ಲಿಗೆ ಸೈನ್

ತಾರಸಿಯ ಮೇಲಿನ ಸೋಲಾರ್ ಪ್ಯಾನೆಲ್ಲನ್ನು ದಕ್ಷಿಣಕ್ಕೆ ಮುಖಮಾಡಿ, ಊರಿನ ಅಕ್ಷಾಂಶದಷ್ಟು ಓರೆಯಾಗಿ ಕೂರಿಸುವುದು ವರ್ಷವಿಡೀ ಕದಲಿಸದೆ ಇಡುವವರಿಗೆ ಹೇಳುವ ಸಾಮಾನ್ಯ ಲೆಕ್ಕ. ಬೆಂಗಳೂರು ಸುಮಾರು 13° ಉತ್ತರ ಅಕ್ಷಾಂಶದಲ್ಲಿದೆ. ಕೂರಿಸಿ ಹೋದವರು ಸರಿಯಾಗಿ ಕೂರಿಸಿದ್ದಾರೆಯೇ ಎಂದು ನೋಡಲು ಇಲ್ಲಿ ನೆಲದ ಅಗಲಕ್ಕಿಂತ ಪ್ಯಾನೆಲ್ಲಿನ ಉದ್ದವೇ ಸುಲಭವಾಗಿ ಸಿಗುತ್ತದೆ, ಅದು ಕಣ್ಣೆದುರೇ ಇದೆ. ಪ್ಯಾನೆಲ್ 2 ಮೀಟರ್ ಇದ್ದು, ಅದರ ಮೇಲಂಚು ಕೆಳಂಚಿಗಿಂತ 45 ಸೆಂ.ಮೀ. ಎತ್ತರದಲ್ಲಿದ್ದರೆ ಅಭಿಮುಖ ಬಾಹು 45, ವಿಕರ್ಣ 200. ಅನುಪಾತ 0.225. ಸೈನ್⁻¹ 0.225 ಅಂದರೆ 13.0°. ಬೀದರಿನಲ್ಲಿ ಇದೇ ಪ್ಯಾನೆಲ್ಲಿಗೆ 18°ಯ ಹತ್ತಿರ ಬೇಕು, ಮೇಲಂಚು ಸುಮಾರು 62 ಸೆಂ.ಮೀ. ಏರಬೇಕು.

ಹುಷಾರಾಗಿರಬೇಕಾದ್ದು ಒಂದಿದೆ. ಸ್ಟ್ಯಾಂಡಿನ ಕಾಲುಗಳು ಪ್ಯಾನೆಲ್ಲಿನ ಅಂಚಿನಲ್ಲಿರುವುದಿಲ್ಲ, ಒಳಗೆ ಸರಿದಿರುತ್ತವೆ. ಮುಂದಿನ ಕಾಲು ಹಿಡಿದ ಜಾಗದಿಂದ ಹಿಂದಿನ ಕಾಲು ಹಿಡಿದ ಜಾಗಕ್ಕೆ ಪ್ಯಾನೆಲ್ಲಿನ ಗುಂಟ 120 ಸೆಂ.ಮೀ. ಮಾತ್ರ ಇದ್ದು, ಕಾಲುಗಳ ಎತ್ತರದ ವ್ಯತ್ಯಾಸ 45 ಆದರೆ ಓರೆ 13 ಅಲ್ಲ, 22°. ಎತ್ತರವನ್ನು ಯಾವ ಎರಡು ಬಿಂದುಗಳ ನಡುವೆ ಅಳೆದಿರೋ ಉದ್ದವನ್ನೂ ಅವೇ ಎರಡು ಬಿಂದುಗಳ ನಡುವೆ ಅಳೆಯಬೇಕು. ತಾರಸಿಗೆ ನೀರು ಹರಿಯಲೆಂದು ಕೊಟ್ಟ ಇಳಿಜಾರು ಇರುತ್ತದಾದ್ದರಿಂದ ಕಾಲಿನ ಉದ್ದ ನಂಬುವ ಬದಲು, ಮೇಸ್ತ್ರಿಗಳು ಬಳಸುವ ನೀರು ತುಂಬಿದ ಟ್ಯೂಬ್ ಲೆವೆಲ್ ಹಿಡಿದು ಎತ್ತರದ ವ್ಯತ್ಯಾಸ ತೆಗೆಯುವುದು ಒಳ್ಳೆಯದು.

ಒಂದೇ ಏಣಿ, ಎರಡು ಅಳತೆ

ಗೋಡೆಗೆ ಒರಗಿಸಿದ ಏಣಿ ಸುಮಾರು 75°ಯಲ್ಲಿರಬೇಕೆಂಬುದು ಸುರಕ್ಷತೆಯ ನಿಯಮ. ಅದಕ್ಕಿಂತ ಚಪ್ಪಟೆಯಾದರೆ ಬುಡ ಜಾರುತ್ತದೆ, ಕಡಿದಾದರೆ ಹತ್ತಿದವರು ಹಿಂದಕ್ಕೆ ವಾಲುತ್ತಾರೆ. ಕೆಲಸದವರ ಬಾಯಲ್ಲಿರುವ ನಾಲ್ಕಕ್ಕೆ ಒಂದರ ಲೆಕ್ಕ, ಅಂದರೆ ನಾಲ್ಕು ಅಡಿ ಎತ್ತರಕ್ಕೆ ಒಂದು ಅಡಿ ಬುಡ ಹೊರಗೆ, ಇದೇ ಕೋನದ ಇನ್ನೊಂದು ರೂಪ. ಟ್ಯಾನ್⁻¹ 4 ಎಂದರೆ 75.96°.

ಈಗ 5 ಮೀಟರ್ ಏಣಿಯೊಂದನ್ನು ನೋಡೋಣ. ಬುಡ ಗೋಡೆಯಿಂದ 1.4 ಮೀಟರ್ ದೂರ, ತುದಿ 4.8 ಮೀಟರ್ ಎತ್ತರ. ಎತ್ತರ ಹಿಡಿದು ಸೈನ್⁻¹ (4.8/5) ಹಾಕಿದರೂ, ಬುಡದ ದೂರ ಹಿಡಿದು ಕಾಸ್⁻¹ (1.4/5) ಹಾಕಿದರೂ 73.7° ಬರುತ್ತದೆ. ಗಣಿತದ ಪುಸ್ತಕಕ್ಕೆ ಎರಡೂ ಒಂದೇ. ನಿಮಗೆ ಒಂದೇ ಅಲ್ಲ.

ಅಳೆಯುವಾಗ 5 ಸೆಂ.ಮೀ. ತಪ್ಪಿತು ಎಂದುಕೊಳ್ಳಿ. ತುದಿಯ ಎತ್ತರವನ್ನು 4.85 ಎಂದು ಓದಿದರೆ ಸೈನ್⁻¹ 0.97 ಕೊಡುವುದು 75.9°. ಎರಡು ಡಿಗ್ರಿಗೂ ಹೆಚ್ಚು ವ್ಯತ್ಯಾಸ. ಸ್ವಲ್ಪ ಚಪ್ಪಟೆಯಾಗಿದ್ದ ಏಣಿ ಕಾಗದದ ಮೇಲೆ ಸುರಕ್ಷಿತವಾಗಿಬಿಟ್ಟಿತು. ಬುಡದ ದೂರದಲ್ಲಿ ಅದೇ 5 ಸೆಂ.ಮೀ. ತಪ್ಪಿ 1.35 ಎಂದು ಓದಿದರೆ ಕಾಸ್⁻¹ 0.27 ಕೊಡುವುದು 74.3°. ಅರ್ಧ ಡಿಗ್ರಿಗಿಂತ ಚೂರು ಹೆಚ್ಚು, ಅಷ್ಟೇ. ಕಾರಣ ಸೈನಿನ ಸ್ವಭಾವದಲ್ಲಿದೆ. ಕೋನ 90ರ ಹತ್ತಿರ ಬಂದಂತೆ ಸೈನ್ ಬೆಳೆಯುವುದನ್ನೇ ನಿಲ್ಲಿಸುತ್ತದೆ: 80°ಯಲ್ಲಿ 0.985, 90°ಯಲ್ಲಿ 1. ಹತ್ತು ಡಿಗ್ರಿ ಅಷ್ಟೂ 0.015ರೊಳಗೆ ಅಡಕ. ಅಲ್ಲಿ ಟೇಪಿನ ಸಣ್ಣ ತಪ್ಪು ಕೋನದ ದೊಡ್ಡ ತಪ್ಪಾಗಿ ಹೊರಬರುತ್ತದೆ. ಕಾಸ್⁻¹ಗೆ ಇದೇ ಕಾಯಿಲೆ ಸೊನ್ನೆಯ ಹತ್ತಿರ.

ಆದ್ದರಿಂದ ಕಡಿದಾದ ವಸ್ತುವಿಗೆ ಬುಡದ ದೂರ, ಚಪ್ಪಟೆಯಾದದ್ದಕ್ಕೆ ಎತ್ತರ. ವಿಕರ್ಣದ ಜತೆಗೆ ಯಾವಾಗಲೂ ಎರಡರಲ್ಲಿ ಚಿಕ್ಕದನ್ನು ಅಳೆಯಿರಿ. ಎತ್ತರ, ದೂರ ಎರಡೂ ಕೈಗೆ ಸಿಗುವಂತಿದ್ದರೆ ಟ್ಯಾನ್⁻¹ ಎಲ್ಲ ಕಡೆಯೂ ನೆಚ್ಚಬಹುದಾದದ್ದು. ತೋಟದಲ್ಲಿ ಮೆಣಸು ಕೊಯ್ಯಲು ಮರಕ್ಕೆ ಏಣಿ ಒರಗಿಸುವವರಿಗೂ ಇದೇ ಮಾತು: ತುದಿ ಎಷ್ಟು ಎತ್ತರದಲ್ಲಿದೆ ಎಂದು ನೋಡಲು ಹತ್ತುವ ಅಗತ್ಯವೇ ಇಲ್ಲ, ಬುಡ ಏಣಿಯ ಉದ್ದದ ಕಾಲು ಭಾಗ ದೂರದಲ್ಲಿದೆಯೇ ನೋಡಿದರೆ ಸಾಕು. ಕಾಸ್⁻¹ 0.25 ಎಂದರೆ 75.5°.

ಮೂವತ್ತು ನಲವತ್ತರ ಸೈಟು

ಮೂಲೆ ಲಂಬವಾಗಿಲ್ಲದಿದ್ದರೆ ಇದುವರೆಗಿನ ಯಾವ ಸೂತ್ರವೂ ನೇರವಾಗಿ ಹೊಂದುವುದಿಲ್ಲ. ಬೆಂಗಳೂರಿನವರಿಗೆ ಪರಿಚಯವಾದ 30×40 ಸೈಟು ತೆಗೆದುಕೊಳ್ಳಿ. ಮೂಲೆ 90° ಇದ್ದರೆ ಕರ್ಣ ಸರಿಯಾಗಿ 50 ಅಡಿ. ಮೇಸ್ತ್ರಿಗಳು 3-4-5 ಹಿಡಿದು ಮೂಲೆಮಟ್ಟ ನೋಡುವುದರ ಹತ್ತುಪಟ್ಟು. ನೀವು ಅಳೆದಾಗ 51 ಅಡಿ ಬಂತು. ಮೂಲೆ ಎಷ್ಟು ಡಿಗ್ರಿ?

ಮೂಲೆಯಲ್ಲಿ ಕೂಡುವ ಎರಡು ಬದಿಗಳ ವರ್ಗ ಕೂಡಿಸಿ: 900 ಮತ್ತು 1600, ಒಟ್ಟು 2500. ಅದರಿಂದ ಕರ್ಣದ ವರ್ಗ 2601 ಕಳೆಯಿರಿ, ಉಳಿದದ್ದು −101. ಇದನ್ನು ಎರಡು ಬದಿಗಳ ಗುಣಲಬ್ಧದ ಇಮ್ಮಡಿಯಿಂದ, ಅಂದರೆ 2400ರಿಂದ, ಭಾಗಿಸಿ: −0.0421. ಇದು ಮೂಲೆಯ ಕಾಸ್. ಕಾಸ್⁻¹ ಒತ್ತಿದರೆ 92.4°. ಕೇಳಲು 2.4° ಏನೂ ಅಲ್ಲ ಎನ್ನಿಸುತ್ತದೆ. 40 ಅಡಿ ಹೋಗುವಷ್ಟರಲ್ಲಿ ಅದು 20 ಇಂಚು ಪಕ್ಕಕ್ಕೆ ಸರಿದಿರುತ್ತದೆ. ಗೋಡೆಯನ್ನು ಸೈಟಿನ ಗೆರೆಗೆ ಸರಿಯಾಗಿ ಎಬ್ಬಿಸಿದರೆ ಕೋಣೆಯ ಟೈಲ್ಸ್ ಕೊನೆಯ ಸಾಲಿನಲ್ಲಿ ಓರೆ ಕೊಯ್ಯಬೇಕಾಗಿ ಬರುವುದು ಇದರಿಂದಲೇ.

ಇಲ್ಲಿ ಸೈನ್ ಸೂತ್ರ ಹಿಡಿದು ಹೋಗಿದ್ದರೆ ಮೋಸ ಹೋಗುತ್ತಿದ್ದಿರಿ. 92.4°ಯ ಸೈನ್ ಎಷ್ಟೋ 87.6°ಯ ಸೈನ್ ಕೂಡ ಅಷ್ಟೇ. ಸೈನ್⁻¹ 90ರ ಆಚೆಗೆ ಉತ್ತರ ಕೊಡುವುದೇ ಇಲ್ಲ, ಅದರ ವ್ಯಾಪ್ತಿ −90ರಿಂದ 90ರವರೆಗೆ. ಅದು 87.6 ಎನ್ನುತ್ತಿತ್ತು, ನೀವು ಮೂಲೆ ಒಳಕ್ಕೆ ಬಾಗಿದೆ ಎಂದು ತಿಳಿದು ಎದುರು ದಿಕ್ಕಿಗೆ ಸರಿಪಡಿಸುತ್ತಿದ್ದಿರಿ. ಕಾಸ್⁻¹ 0ಯಿಂದ 180ರವರೆಗೆ ಹೋಗುತ್ತದೆ, ತ್ರಿಭುಜದಲ್ಲಿ ಬರಬಹುದಾದ ಎಲ್ಲ ಕೋನವನ್ನೂ ಒಂದೊಂದಾಗಿ ಗುರುತಿಸುತ್ತದೆ. ಪಿಯುಸಿಯಲ್ಲಿ ಸಪ್ಪೆಯಾಗಿ ಕಂಡ ವ್ಯಾಪ್ತಿಯ ಪಾಠಕ್ಕೆ ಸೈಟಿನ ಮೂಲೆಯಲ್ಲಿ ದುಡ್ಡಿನ ಬೆಲೆಯಿದೆ.

ಎರಡನೆಯ ಕರ್ಣವನ್ನೂ ಅಳೆಯಿರಿ. ಎದುರುಬದುರು ಬದಿಗಳು ಸಮವಾಗಿದ್ದರೆ ಎರಡು ಕರ್ಣಗಳ ವರ್ಗಗಳ ಮೊತ್ತ ನಾಲ್ಕೂ ಬದಿಗಳ ವರ್ಗಗಳ ಮೊತ್ತಕ್ಕೆ, ಇಲ್ಲಿ 5000ಕ್ಕೆ, ಸಮವಾಗಬೇಕು. ಒಂದು ಕರ್ಣ 51 ಇದ್ದರೆ ಇನ್ನೊಂದು 49 ಅಡಿಗೆ ಕೂದಲೆಳೆ ಕಡಿಮೆ. ಹಾಗೆ ಬರದಿದ್ದರೆ ಯಾವುದೋ ಅಳತೆ ತಪ್ಪು, ಅಥವಾ ಬದಿಗಳು ಪತ್ರದಲ್ಲಿ ಬರೆದಷ್ಟು ಇಲ್ಲ. ಸೈಟು ಗೋಮುಖವೋ ವ್ಯಾಘ್ರಮುಖವೋ ಎಂಬ ಚರ್ಚೆ ಅದಾದ ಮೇಲೆ ನಡೆಯಲಿ.

ಸಣ್ಣ ಇಳಿಜಾರುಗಳಿಗೆ ಬಾಯಿಲೆಕ್ಕ

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ಇಳಿಯುವ ರೈಲು ಮಾರ್ಗದ ಇಳಿಜಾರು 50ಕ್ಕೆ 1. ಕ್ಯಾಸಲ್ ರಾಕ್‌ನಿಂದ ಗೋವಾದ ಕಡೆಗೆ ಇಳಿಯುವ ಬ್ರಗಾಂಜಾ ಘಾಟಿಯದು 37ಕ್ಕೆ 1. ಡಿಗ್ರಿಯಲ್ಲಿ ಹೇಳಿದರೆ ಕ್ರಮವಾಗಿ 1.15 ಮತ್ತು 1.55. ಕೇಳಿದವರು ಇಷ್ಟೇನಾ ಎನ್ನುತ್ತಾರೆ; ರೈಲಿನ ಹಿಂದೆ ಹೆಚ್ಚುವರಿ ಎಂಜಿನ್ ಕಟ್ಟುವವರಿಗೆ ಅದು ಎಷ್ಟು ಎಂಬುದು ಗೊತ್ತು.

ಇಂಥ ಸಣ್ಣ ಕೋನಕ್ಕೆ ಗುಂಡಿ ಒತ್ತಬೇಕಾಗಿಯೇ ಇಲ್ಲ. ಏರನ್ನು ಅಗಲದಿಂದ ಭಾಗಿಸಿ 57.3ರಿಂದ ಗುಣಿಸಿ. ಸುಮಾರು 15°ವರೆಗೆ ಉತ್ತರ ಹತ್ತಿರವೇ ಇರುತ್ತದೆ: ನಾಲ್ಕಕ್ಕೆ ಒಂದರ ಏರಿಗೆ ಈ ಬಾಯಿಲೆಕ್ಕ 14.3 ಎನ್ನುತ್ತದೆ, ನಿಜವಾದದ್ದು 14.04. ಗಾಲಿಕುರ್ಚಿಗೆ ಬೇಕಾದ 12ಕ್ಕೆ 1ರ ರ‍್ಯಾಂಪ್ ನಿಜಕ್ಕೆ 4.76°, ಬಾಯಿಲೆಕ್ಕಕ್ಕೆ 4.8. ಮೂರು ಮೆಟ್ಟಿಲಿನಷ್ಟು, ಒಂದೂವರೆ ಅಡಿ, ಏರಲು ಹೀಗಾದರೆ 18 ಅಡಿ ಉದ್ದ ಬೇಕು. ನಮ್ಮ ಬೀದಿಗಳಲ್ಲಿ ಸ್ಕೂಟರ್ ಹತ್ತಿಸಲೆಂದು ಅದೇ ಒಂದೂವರೆ ಅಡಿಯನ್ನು ನಾಲ್ಕು ಅಡಿಯಲ್ಲಿ ಮುಗಿಸಿದ ರ‍್ಯಾಂಪುಗಳಿವೆ; ಟ್ಯಾನ್⁻¹ (1.5/4) ಹಾಕಿದರೆ 20.6°. ಅಲ್ಲಿ ಅಜ್ಜಿಯನ್ನು ಗಾಲಿಕುರ್ಚಿಯಲ್ಲಿ ಹತ್ತಿಸುವ ಮಾತು ಬಿಡಿ, ಮಳೆಯಲ್ಲಿ ಸ್ಕೂಟರೇ ನಿಲ್ಲುವುದಿಲ್ಲ.

ಶೇಕಡಾ ಲೆಕ್ಕದಲ್ಲಿ ಬರೆದ ಇಳಿಜಾರು ಕಂಡರೆ ನೂರು ಎಂದರೆ ನೆಟ್ಟಗೆ ನಿಂತ ಗೋಡೆ ಎಂದುಕೊಳ್ಳಬೇಡಿ. ಶೇ. 100 ಎಂದರೆ ಏರು, ಅಗಲ ಸಮ, 45° ಅಷ್ಟೇ.

ಯಂತ್ರವಿಲ್ಲದ ಕಾಲದಲ್ಲಿ

ಇದೇ ಪ್ಯಾನೆಲ್ಲಿನ ಲೆಕ್ಕವನ್ನು 499ರಲ್ಲಿ ಆರ್ಯಭಟನ ಮುಂದಿಟ್ಟಿದ್ದರೆ ಅವನು ಹೇಗೆ ಮಾಡುತ್ತಿದ್ದ? ಆರ್ಯಭಟೀಯದಲ್ಲಿ ಜ್ಯಾಗಳ ಕೋಷ್ಟಕವಿದೆ. ತ್ರಿಜ್ಯ 3438 ಇರುವ ವೃತ್ತದಲ್ಲಿ 3°45′ಕ್ಕೊಂದರಂತೆ 24 ಸಾಲು. ಮೊದಲ ಐದು ಜ್ಯಾಗಳು 225, 449, 671, 890, 1105. ನಮ್ಮ ಅನುಪಾತ 0.225ನ್ನು 3438ರಿಂದ ಗುಣಿಸಿದರೆ 773.6. ಅದು ಮೂರನೆಯ ಸಾಲಿನ 671ಕ್ಕೂ ನಾಲ್ಕನೆಯ ಸಾಲಿನ 890ಕ್ಕೂ ನಡುವೆ ಬೀಳುತ್ತದೆ. ಮೂರನೆಯ ಸಾಲು ಎಂದರೆ 11°15′. ಅಲ್ಲಿಂದ ಮುಂದಿನ ಸಾಲಿಗೆ 219ರ ಅಂತರವಿದೆ, ನಾವು ದಾಟಿರುವುದು 102.6. ತ್ರೈರಾಶಿ ಹಾಕಿದರೆ 225 ನಿಮಿಷದಲ್ಲಿ 105 ನಿಮಿಷ, ಅಂದರೆ 1°45′. ಕೂಡಿಸಿದರೆ ಸರಿಯಾಗಿ 13°.

ಹದಿನೈದು ಶತಮಾನ ಹಳೆಯ ಕೋಷ್ಟಕಕ್ಕೂ ಕೈಯಲ್ಲಿರುವ ಫೋನಿಗೂ ಇಲ್ಲಿ ಒಂದು ನಿಮಿಷದ ವ್ಯತ್ಯಾಸವೂ ಇಲ್ಲ. ಕ್ಯಾಲ್ಕುಲೇಟರ್ ಬರುವ ಮುನ್ನ ಇಂಜಿನಿಯರಿಂಗ್ ಓದಿದವರು ಕ್ಲಾರ್ಕ್ಸ್ ಟೇಬಲ್ ಪುಸ್ತಕದಲ್ಲಿ ಬೆರಳಾಡಿಸಿ ಮಾಡುತ್ತಿದ್ದುದೂ ಇದನ್ನೇ: ಕೋಷ್ಟಕವನ್ನು ಹಿಂದುಮುಂದಾಗಿ ಓದುವುದು. ಕೇರಳದ ಮಾಧವನ ಪರಂಪರೆಯವರು ಕೋಷ್ಟಕವನ್ನೂ ಬಿಟ್ಟು, ಟ್ಯಾನ್‌ನಿಂದ ನೇರವಾಗಿ ಕೋನಕ್ಕೆ ಹೋಗುವ ಅನಂತ ಶ್ರೇಢಿ ಕೊಟ್ಟರು. ಯುರೋಪಿನಲ್ಲಿ ಜೇಮ್ಸ್ ಗ್ರೆಗರಿ ಅದನ್ನು ಮುಟ್ಟಿದ್ದು 1671ರಲ್ಲಿ. ಅನುಪಾತದಿಂದ ಅದರ ಘನದ ಮೂರನೇ ಒಂದು ಭಾಗ ಕಳೆಯಿರಿ, ಐದನೇ ಘಾತದ ಐದನೇ ಒಂದು ಭಾಗ ಕೂಡಿಸಿ, ಏಳನೇ ಘಾತದ ಏಳನೇ ಒಂದು ಭಾಗ ಕಳೆಯಿರಿ, ಹೀಗೆ. ಮಾಡಿನ 5/12ಕ್ಕೆ ನಾಲ್ಕೇ ಪದ ಹಾಕಿದರೂ 0.39475 ರೇಡಿಯನ್, ಅಂದರೆ 22.62° ಬಂದುಬಿಡುತ್ತದೆ.

ದಿಕ್ಕಿನ ವಿಷಯ

ಒಂದು ಬಿಂದುವಿನಿಂದ ಇನ್ನೊಂದಕ್ಕೆ ದಿಕ್ಕು ಹುಡುಕುವಾಗ ಟ್ಯಾನ್⁻¹ ಅರ್ಧ ಸತ್ಯವನ್ನಷ್ಟೇ ಹೇಳುತ್ತದೆ. ಬಾವಿಯಿಂದ 30 ಮೀಟರ್ ಪೂರ್ವಕ್ಕೆ, 40 ಮೀಟರ್ ಉತ್ತರಕ್ಕೆ ಪಂಪ್‌ಹೌಸ್ ಇದ್ದರೆ ಪೂರ್ವದಿಂದ ಉತ್ತರಕ್ಕೆ 53.1°. ಅದು 30 ಮೀಟರ್ ಪಶ್ಚಿಮಕ್ಕೆ, 40 ಮೀಟರ್ ದಕ್ಷಿಣಕ್ಕೆ ಇದ್ದರೂ ಎರಡು ಋಣ ಸಂಖ್ಯೆಗಳ ಭಾಗಲಬ್ಧ ಅದೇ, ಉತ್ತರವೂ ಅದೇ 53.1. ಪೈಪಿನ ಕಾಲುವೆ ಮಾತ್ರ ನೇರ ಎದುರು ದಿಕ್ಕಿಗೆ ಹೋಗುತ್ತದೆ. ಎರಡು ಅಳತೆಯನ್ನೂ ಭಾಗಿಸದೆ ಬೇರೆಬೇರೆಯಾಗಿ ತೆಗೆದುಕೊಳ್ಳುವ ಎಟ್ಯಾನ್2 ಎಂಬ ಸೂತ್ರ ಇದಕ್ಕೇ ಇರುವುದು. ಎಕ್ಸೆಲ್‌ನಲ್ಲಿ ಅದಕ್ಕೆ ಮೊದಲು ಪೂರ್ವ-ಪಶ್ಚಿಮದ ಅಳತೆ, ಆಮೇಲೆ ಉತ್ತರ-ದಕ್ಷಿಣದ್ದು ಕೊಡಬೇಕು. ಪೈಥಾನ್ ಮುಂತಾದ ಹೆಚ್ಚಿನ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಕ್ರಮ ಉಲ್ಟಾ. ಒಂದರಿಂದ ಇನ್ನೊಂದಕ್ಕೆ ಲೆಕ್ಕ ಸಾಗಿಸುವವರು ಎಡವುವುದು ಇಲ್ಲೇ.

ಮಕ್ಕಳ ಕೈಯಲ್ಲಿ ಮಾಡಿಸುವಂಥದ್ದು

ಮಾರ್ಚ್ 20-21 ಅಥವಾ ಸೆಪ್ಟೆಂಬರ್ 22-23ರ ಸುಮಾರಿಗೆ, ಹಗಲು ರಾತ್ರಿ ಸಮವಾಗುವ ಹೊತ್ತಿಗೆ, ತಾರಸಿಯ ಮೇಲೆ ಮಟ್ಟವಾದ ಜಾಗ ನೋಡಿ 1 ಮೀಟರ್ ಕೋಲು ನಿಲ್ಲಿಸಿ. ತೂಗುಗುಂಡು ಹಿಡಿದು ನೆಟ್ಟಗಿದೆಯೇ ನೋಡಿಕೊಳ್ಳಿ. ಗಡಿಯಾರದ ಹನ್ನೆರಡನ್ನು ನಂಬಬೇಡಿ. ಬೆಂಗಳೂರಿನಲ್ಲಿ ಸೂರ್ಯ ನೆತ್ತಿಯ ಗೆರೆ ದಾಟುವುದು ಮಾರ್ಚ್‌ನಲ್ಲಿ ಹನ್ನೆರಡೂವರೆಯ ಹತ್ತಿರ, ಸೆಪ್ಟೆಂಬರ್‌ನಲ್ಲಿ ಹನ್ನೆರಡೂಕಾಲಿನ ಹತ್ತಿರ. ಹನ್ನೆರಡರಿಂದಲೇ ಐದೈದು ನಿಮಿಷಕ್ಕೆ ನೆರಳಿನ ತುದಿಗೆ ಸೀಮೆಸುಣ್ಣದ ಗುರುತು ಹಾಕುತ್ತ ಹೋಗಿ, ಅತಿ ಚಿಕ್ಕ ನೆರಳನ್ನು ಅಳೆಯಿರಿ. ನೆರಳನ್ನು ಕೋಲಿನ ಉದ್ದದಿಂದ ಭಾಗಿಸಿ ಟ್ಯಾನ್⁻¹ ಒತ್ತಿದರೆ ಬರುವುದು ನಿಮ್ಮ ಊರಿನ ಅಕ್ಷಾಂಶ. ಬೆಂಗಳೂರಿನಲ್ಲಿ ನೆರಳು 23 ಸೆಂ.ಮೀ. ಬರಬೇಕು, ಹುಬ್ಬಳ್ಳಿಯಲ್ಲಿ 27ರ ಮೇಲೆ, ಬೀದರಿನಲ್ಲಿ 32.

ನೆರಳಿನ ತುದಿ ಚೂಪಾಗಿರುವುದಿಲ್ಲ. ಸೂರ್ಯನ ಬಿಂಬವೇ ಆಕಾಶದಲ್ಲಿ ಅರ್ಧ ಡಿಗ್ರಿ ಅಗಲವಿರುವುದರಿಂದ ಅಂಚು ಮಸುಕಾಗುತ್ತದೆ. ಆ ಮಸುಕಿನ ನಡುವೆ ಗುರುತು ಹಾಕಿ. 1 ಸೆಂ.ಮೀ. ತಪ್ಪಿದರೆ ಉತ್ತರ ಅರ್ಧ ಡಿಗ್ರಿ ತಪ್ಪುತ್ತದೆ, ನಕ್ಷೆಯ ಮೇಲೆ ನಿಮ್ಮ ಊರು ಸುಮಾರು 60 ಕಿ.ಮೀ. ಉತ್ತರಕ್ಕೋ ದಕ್ಷಿಣಕ್ಕೋ ಸರಿಯುತ್ತದೆ. 2 ಮೀಟರ್ ಕೋಲು ಹಿಡಿದರೆ ಟೇಪಿನ ತಪ್ಪು ಅರ್ಧಕ್ಕಿಳಿಯುತ್ತದೆ, ಆದರೆ ಮಸುಕೂ ಇಮ್ಮಡಿಯಾಗುತ್ತದೆ. ಕೋಲಿನ ತಲೆಗೆ ಸಣ್ಣ ತೂತು ಕೊರೆದ ರಟ್ಟನ್ನು ಅಡ್ಡಲಾಗಿ ಅಂಟಿಸಿದರೆ ನೆರಳಿನ ನಡುವೆ ಸೂರ್ಯನದೇ ಪುಟ್ಟ ಬೆಳಕಿನ ಬಿಲ್ಲೆ ಬೀಳುತ್ತದೆ. ತೂತಿನ ನೇರ ಕೆಳಗೆ ತೂಗುಗುಂಡು ಇಳಿಬಿಟ್ಟು ಅಲ್ಲಿಂದ ಬಿಲ್ಲೆಯ ಮಧ್ಯಕ್ಕೆ ಅಳೆದು, ಕೋಲಿನ ಉದ್ದದ ಬದಲು ನೆಲದಿಂದ ತೂತಿನವರೆಗಿನ ಎತ್ತರದಿಂದ ಭಾಗಿಸಿ.